ಮೂರನೇ ಪ್ರತಿ

ದೀಪಾವಳಿ ರಜೆಗೆ ಊರಿಗೆ ಹೋದಾಗ ದೊಡ್ಡಪ್ಪನ ಜೊತೆ ಮೆಕ್ಕೆಜೋಳ ಮಾರೋಕೆ ಹೋಗಿದ್ದೆ. ಕೊಟ್ಟೂರಿಗೂ ಹರಪನಹಳ್ಳಿಗೂ ನಡುವೆ ರಸ್ತೆ ಬದಿಯ ಒಂದು ವೇ ಬ್ರಿಡ್ಜ್. ತುಂಬಿದ ಟ್ರ್ಯಾಕ್ಟರ್ ಒಮ್ಮೆ ತೂಗಿದರು, ವ್ಯಾಪಾರಿಯ ಗೋದಾಮಿನಲ್ಲಿ ಜೋಳ ಇಳಿಸಿ ಬಂದ ಮೇಲೆ ಖಾಲಿ ಟ್ರ್ಯಾಕ್ಟರ್ ಇನ್ನೊಮ್ಮೆ ತೂಗಿದರು. ಗಾಜಿನ ಹಿಂದೆ ಕೂತಿದ್ದ ಹುಡುಗ ಒಂದು ಬಟನ್ ಒತ್ತಿದ. ಪ್ರಿಂಟರ್ ಕರಕರ ಅಂತ ಮೂರು ಚೀಟಿ ಹೊಡೆಯಿತು. ಮೊದಲನೆಯದು ವೇ ಬ್ರಿಡ್ಜಿನವರ ಫೈಲಿಗೆ, ಎರಡನೆಯದು ವ್ಯಾಪಾರಿಗೆ, ಮೂರನೆಯದು ರೈತನಿಗೆ.

ದೊಡ್ಡಪ್ಪ ತನ್ನ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದ. ನಿವ್ವಳ ತೂಕ 548 ಕೆಜಿ ಅಂತಿತ್ತು. ಇರಬೇಕಾದದ್ದು 5480.

"ಸೊನ್ನಿ ಬಿಟ್ಟೈತ್ರಿ, ಕೊಡ್ರಿ ಇಲ್ಲಿ, ಪೆನ್ನಿಂದ ಹಾಕ್ಕೊಡ್ತೀನಿ. ಈ ಪ್ರಿಂಟರ್ ಬಂದಾಗಿಂದ ಹಿಂಗ ಮಾಡ್ತೈತಿ" ಅಂದ ಹುಡುಗ.

"ಪೆನ್ನಿಂದ ಬರದಿದ್ದು ನಡೆಯೋದಾದ್ರ ಮಷಿನ್ ಯಾಕ ಬೇಕಿತ್ತಪ?" ಅಂದ ದೊಡ್ಡಪ್ಪ.

ಮಾತು ಸರಿ. ಉಳಿದೆರಡು ಚೀಟಿಗಳಲ್ಲಿ ತೂಕ ಸರಿಯಾಗೇ ಇತ್ತು, ಹಾಗಾಗಿ ಅವತ್ತು ದುಡ್ಡೇನೂ ಹೋಗಲಿಲ್ಲ. ಆದರೆ ನಾಳೆ ತಕರಾರು ಬಂದರೆ ರೈತನ ಕೈಯಲ್ಲಿರುವ ಕಾಗದದಲ್ಲಿ ಪೆನ್ನಿನ ತಿದ್ದುಪಡಿ, ವ್ಯಾಪಾರಿಯ ಕಾಗದದಲ್ಲಿ ಅಚ್ಚಾದ ಅಂಕಿ. ಯಾರ ಮಾತು ನಿಲ್ಲುತ್ತೆ, ನೀವೇ ಹೇಳಿ. ಹುಡುಗನನ್ನು ಕೇಳಿದೆ, ಯಾವಾಗಲೂ ಮೂರನೆಯದರಲ್ಲೇ ಹೀಗಾಗುತ್ತಾ ಅಂತ. ಸ್ವಲ್ಪ ಯೋಚಿಸಿ, ಹೌದ್ರಿ ಅಂದ.

ಆ "ಹೌದ್ರಿ" ಕೇಳಿದ ಕೂಡಲೇ ಕಾರಣ ಅರ್ಧ ಹೊಳೆಯಿತು. ಅವನ ಅನುಮತಿ ಕೇಳಿ ಮೇಜಿನ ಹಿಂದೆ ತೂರಿಕೊಂಡು ಕೇಬಲ್ಲಿನ ತುದಿ ಬಿಚ್ಚಿ ನೋಡಿದೆ. ಒಳಗೆ ಮೂರೇ ತಂತಿ: ಕಳಿಸೋಕೆ ಒಂದು, ಪಡೆಯೋಕೆ ಒಂದು, ಗ್ರೌಂಡ್ ಒಂದು. ತೂಕದ ಯಂತ್ರ 2400 ಬಾಡ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 240 ಅಕ್ಷರ ಕಳಿಸುತ್ತಿತ್ತು. ಸೆಕೆಂಡ್ ಹ್ಯಾಂಡ್ ಆಗಿ ಬಂದಿದ್ದ ಪ್ರಿಂಟರ್ ಸೆಕೆಂಡಿಗೆ 200ರ ಆಸುಪಾಸಿನಲ್ಲಿ ಹೊಡೆಯುತ್ತಿತ್ತು. ಹೆಚ್ಚಾದ ಅಕ್ಷರಗಳು ಅದರ ಬಫರಿನಲ್ಲಿ, ಅಂದರೆ ತಾತ್ಕಾಲಿಕ ನೆನಪಿನಲ್ಲಿ, ಕೂತು ಕಾಯುತ್ತವೆ. ಆ ಬಫರ್ ತೀರಾ ಚಿಕ್ಕದು. ಮೊದಲ ಚೀಟಿ, ಎರಡನೇ ಚೀಟಿ ಮುಗಿಯುವವರೆಗೆ ಹೇಗೋ ಸಾಲುತ್ತಿತ್ತು. ಮೂರನೆಯದರ ಕೊನೆಗೆ ಬರುವಷ್ಟರಲ್ಲಿ ತುಂಬಿ ತುಳುಕುತ್ತಿತ್ತು. ತುಳುಕಿದ ಅಕ್ಷರಕ್ಕೆ ಜಾಗವಿಲ್ಲ, ಅದು ಸದ್ದಿಲ್ಲದೆ ಮಾಯ. "ಸ್ವಲ್ಪ ತಡಿ" ಅಂತ ಪ್ರಿಂಟರ್ ಹೇಳಬೇಕಾದ ತಂತಿಯನ್ನು ಯಾರೋ ಹಾಕೇ ಇರಲಿಲ್ಲ. ಪಡೆಯುವ ತಂತಿಯ ಮೇಲೆ ಅದು ಕೂಗಿ ಹೇಳಿದರೂ ಕೇಳಿಸಿಕೊಳ್ಳುವ ಹಾಗೆ ತೂಕದ ಯಂತ್ರವನ್ನು ಸೆಟ್ ಮಾಡಿರಲಿಲ್ಲ.

ಬೆಂಗಳೂರಿನ ಆಫೀಸಿನಲ್ಲಿ ಇದೇ ಸಮಸ್ಯೆಗೆ ನಾವು ಬ್ಯಾಕ್‌ಪ್ರೆಶರ್ ಅನ್ನೋ ದೊಡ್ಡ ಹೆಸರಿಟ್ಟು ವೈಟ್‌ಬೋರ್ಡ್ ತುಂಬ ಡಬ್ಬಿ, ಬಾಣ ಬರೀತೀವಿ. ಕೆರೆ ಕೆಳಗೆ ಗದ್ದೆ ಮಾಡಿದವರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ಕೆರೆಯಲ್ಲಿ ನೀರಿದೆ ಅಂತ ತೂಬು ಪೂರ್ತಿ ಎತ್ತಿದರೆ ಕಾಲುವೆ ಒಡೆಯುತ್ತೆ. ಕಾಲುವೆ ಎಷ್ಟು ತಡೆದುಕೊಳ್ಳುತ್ತೋ ಅಷ್ಟೇ ಬಿಡಬೇಕು. ಕೆಳಗಿನ ಗದ್ದೆಯವನು ಸಾಕು ಅಂತ ಕೂಗಿದರೆ ಮೇಲೆ ತೂಬಿನ ಹತ್ತಿರ ನಿಂತವನಿಗೆ ಕೇಳಿಸಬೇಕು. ಪ್ರಿಂಟರಿನ ಇತಿಹಾಸದಲ್ಲಿ ಈ ಕೂಗನ್ನು ಹೇಗೆ ಕೇಳಿಸೋದು ಅನ್ನೋದಕ್ಕೆ ಜನ ಪಟ್ಟ ಪಾಡು ಸಣ್ಣದಲ್ಲ.

ನಿಮ್ಮಲ್ಲಿ ಕೆಲವರಿಗಾದರೂ ಈ ಅನುಭವ ಆಗಿರಬೇಕು: ಲಿನಕ್ಸ್ ಟರ್ಮಿನಲ್ಲಿನಲ್ಲಿ ಕೆಲಸ ಮಾಡುವಾಗ ಅಭ್ಯಾಸಬಲದಿಂದ ಸೇವ್ ಮಾಡೋಕೆ ಕಂಟ್ರೋಲ್ ಎಸ್ ಒತ್ತಿದಿರಿ, ಇಡೀ ಪರದೆ ಕಲ್ಲಾಯಿತು. ಏನು ಟೈಪ್ ಮಾಡಿದರೂ ಜಪ್ಪಯ್ಯ ಅನ್ನಲ್ಲ. ಕೊನೆಗೆ ಪಕ್ಕದ ಸೀಟಿನ ಸೀನಿಯರ್ ಬಂದು ಕಂಟ್ರೋಲ್ ಕ್ಯೂ ಒತ್ತಿ, ನಕ್ಕು ಹೋದರು. ಆ ನಗುವಿಗೆ ಅರವತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ.

1963ರಲ್ಲಿ ಅಮೆರಿಕದ ಟೆಲಿಟೈಪ್ ಕಂಪನಿಯ ಮಾಡೆಲ್ 33 ಬಂತು. ಟೈಪ್‌ರೈಟರಿನಂಥ ಯಂತ್ರ, ದೂರದಿಂದ ತಂತಿಯಲ್ಲಿ ಬಂದದ್ದನ್ನು ಕಾಗದದ ಮೇಲೆ ಕುಟ್ಟುತ್ತಿತ್ತು. ವೇಗ ಸೆಕೆಂಡಿಗೆ 10 ಅಕ್ಷರ. ಪಕ್ಕದಲ್ಲಿ ತೂತು ಹೊಡೆದ ಕಾಗದದ ಪಟ್ಟಿಯನ್ನು ಓದುವ ಒಂದು ಸಾಧನ ಇರುತ್ತಿತ್ತು. ಆ ಪಟ್ಟಿ ಓದೋದನ್ನ ದೂರದಿಂದಲೇ ಶುರು ಮಾಡಿಸೋಕೆ ಒಂದು ಸಂಕೇತ, ನಿಲ್ಲಿಸೋಕೆ ಇನ್ನೊಂದು ಸಂಕೇತ ಬೇಕಿತ್ತು. ಅದೇ ವರ್ಷ ಹೊರಬಂದಿದ್ದ ಆಸ್ಕಿ ಪಟ್ಟಿಯಲ್ಲಿ 17 ಮತ್ತು 19ನೇ ಸಂಖ್ಯೆಗಳು ಈ ಕೆಲಸಕ್ಕೆ ಸಿಕ್ಕವು. 17 ಅಂದರೆ ಹೊರಡು, 19 ಅಂದರೆ ನಿಲ್ಲು. ಇಂಗ್ಲಿಷ್ ವರ್ಣಮಾಲೆಯಲ್ಲಿ 17ನೇ ಅಕ್ಷರ ಕ್ಯೂ, 19ನೇ ಅಕ್ಷರ ಎಸ್. ಎಣಿಸಿ ನೋಡಿ. ಎಕ್ಸ್‌ಆನ್, ಎಕ್ಸ್‌ಆಫ್ ಅನ್ನುವ ಹೆಸರಿನಲ್ಲಿ ಇದೇ ಜೋಡಿ ಮುಂದೆ ಪ್ರಿಂಟರುಗಳಿಗೆ ಬಂತು. ಬಫರ್ ತುಂಬುತ್ತಾ ಬಂದಾಗ ಪ್ರಿಂಟರ್ ಕಂಪ್ಯೂಟರಿಗೆ 19 ಕಳಿಸುತ್ತೆ, ಜಾಗ ಆದಾಗ 17 ಕಳಿಸುತ್ತೆ. ಬೇರೆ ತಂತಿ ಬೇಡ, ಮಾತಿನ ಒಳಗೇ ತಡೆ.

ಆ ಟೆಲಿಟೈಪಿನದ್ದೇ ಇನ್ನೊಂದು ಪಳೆಯುಳಿಕೆ ನಿಮ್ಮ ಲ್ಯಾಪ್‌ಟಾಪಿನಲ್ಲಿದೆ. ಸಾಲು ಮುಗಿದ ಮೇಲೆ ಅಚ್ಚಿನ ತಲೆ ಬಲತುದಿಯಿಂದ ಎಡತುದಿಗೆ ಓಡಿ ಬರಬೇಕು. ಅದಕ್ಕೆ ಒಂದು ಅಕ್ಷರ ಹೊಡೆಯುವಷ್ಟು ಸಮಯ ಸಾಲುತ್ತಿರಲಿಲ್ಲ. ಹಾಗಾಗಿ ಎಡಕ್ಕೆ ಬಾ ಅನ್ನೋಕೆ ಒಂದು ಸಂಕೇತ, ಕಾಗದ ಮೇಲೆತ್ತು ಅನ್ನೋಕೆ ಇನ್ನೊಂದು ಕಳಿಸುತ್ತಿದ್ದರು. ಎರಡನೆಯದು ಬರುವಷ್ಟರಲ್ಲಿ ತಲೆ ಎಡತುದಿ ಮುಟ್ಟಿಕೊಳ್ಳುತ್ತಿತ್ತು. ಇದೂ ಸಾಲದಿದ್ದರೆ ನಡುವೆ ಏನೂ ಅಚ್ಚಾಗದ ಖಾಲಿ ಅಕ್ಷರಗಳನ್ನು ಸೇರಿಸುತ್ತಿದ್ದರು, ಸುಮ್ಮನೆ ಕಾಲ ಕಳೆಯೋಕೆ. ವಿಂಡೋಸಿನಲ್ಲಿ ಮಾಡಿದ ಫೈಲನ್ನು ಗಿಟ್‌ಗೆ ಹಾಕಿದಾಗ ಸಾಲಿನ ಕೊನೆಯ ಬಗ್ಗೆ ಬರುವ ಎಚ್ಚರಿಕೆ ಆ ಓಡುತ್ತಿದ್ದ ತಲೆಯದ್ದೇ ಪ್ರೇತ.

ಮಾತಿನ ಒಳಗೇ ತಡೆ ಇಡೋದು ನಮ್ಮ ಸೀಮೆಗೆ ಹೊಸದಲ್ಲ. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಕಾರಣಿಕ ಕೇಳಿದವರಿಗೆ ಗೊತ್ತು. ಗೊರವಯ್ಯ ಬಿಲ್ಲು ಏರಿ "ಸದ್ದಲೇ" ಅಂದ ಕೂಡಲೇ ಲಕ್ಷಾಂತರ ಜನ ಗಪ್‌ಚುಪ್. ಆ ಮೌನದೊಳಗೆ ಒಂದೇ ಒಂದು ಸಾಲು ಬೀಳುತ್ತೆ. ಅಲ್ಲಿ ಹೇಳುವವನು ಕೇಳುವವರನ್ನು ತಡೆಯುತ್ತಾನೆ. ಪ್ರಿಂಟರಿನಲ್ಲಿ ಉಲ್ಟಾ, ಕೇಳುವವನು ಹೇಳುವವನನ್ನು ತಡೆಯಬೇಕು. ಆದರೂ ಎರಡು ಕಡೆಯೂ ಆ ಒಂದು ಪದ ಎಲ್ಲರಿಗೂ ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದ ಹೊಸಬ ಒಬ್ಬ ಗುಂಪಿನಲ್ಲಿದ್ದರೆ ಅವನು ಮಾತಾಡ್ತಾನೇ ಇರುತ್ತಾನೆ, ನಮ್ಮ ತೂಕದ ಯಂತ್ರದ ಹಾಗೆ.

ಎಕ್ಸ್‌ಆಫ್‌ನ ತೊಡಕೂ ಇದೇ. ಅದು ಅಕ್ಷರಗಳ ಸಾಲಿನಲ್ಲೇ ಹೋಗಬೇಕಾದ ಅಕ್ಷರ. ಚಿತ್ರವನ್ನೋ ಲೆಕ್ಕದ ಕಡತವನ್ನೋ ಕಳಿಸುವಾಗ 19 ಅನ್ನುವ ಬೈಟ್ ವಿಷಯದ ಭಾಗವಾಗಿಯೇ ಬರಬಹುದು. ಅದು ನಿಲ್ಲು ಅಂತಲೋ, ಬರೀ ಒಂದು ಸಂಖ್ಯೆಯೋ? ಇದಕ್ಕೆ ಸರಳವಾದ ಪರಿಹಾರ, ತಡಿ ಅನ್ನೋಕೆ ಅಂತಲೇ ಒಂದು ಬೇರೆ ತಂತಿ ಎಳೆಯೋದು.

ಅದನ್ನ ಪ್ರಪಂಚಕ್ಕೆಲ್ಲ ಅಭ್ಯಾಸ ಮಾಡಿಸಿದ್ದು ಅಮೆರಿಕದ ಸೆಂಟ್ರಾನಿಕ್ಸ್. 1970ರಲ್ಲಿ ಅದು ಮಾಡೆಲ್ 101 ಅನ್ನುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ತಂದಿತು. ಕೇಬಲ್ಲಿಗೆ 36 ಪಿನ್ನುಗಳ ಒಂದು ಅಗಲವಾದ ಕನೆಕ್ಟರ್. ಅದನ್ನೇ ಯಾಕೆ ಆರಿಸಿದರು ಅನ್ನೋದಕ್ಕೆ ಯಾವ ಘನ ಎಂಜಿನಿಯರಿಂಗ್ ಕಾರಣವೂ ಇಲ್ಲ. ಸೆಂಟ್ರಾನಿಕ್ಸಿನ ಬೆನ್ನಿಗಿದ್ದ ವ್ಯಾಂಗ್ ಲ್ಯಾಬೊರೇಟರೀಸ್ ಹತ್ತಿರ ಹಳೆಯ ಕ್ಯಾಲ್ಕುಲೇಟರಿಗೆ ಅಂತ ತರಿಸಿ ಮಿಕ್ಕಿದ್ದ ಸುಮಾರು 20,000 ಕನೆಕ್ಟರುಗಳು ಬಿದ್ದಿದ್ದವು. ಮನೆಯಲ್ಲಿ ಮಿಕ್ಕ ಹಿಟ್ಟಿನಲ್ಲಿ ಮಾಡಿದ ಪಡ್ಡು ಇಡೀ ಊರಿನ ತಿಂಡಿ ಆದ ಹಾಗೆ, ಮೂರು ದಶಕ ಜಗತ್ತಿನ ಪ್ರಿಂಟರುಗಳ ಬೆನ್ನಲ್ಲಿ ಅದೇ ಕನೆಕ್ಟರ್ ಇತ್ತು.

ಅದರೊಳಗಿನ ಮಾತುಕತೆ ಎಷ್ಟು ಸರಳ ಅಂದರೆ ಮಕ್ಕಳಿಗೂ ಆಡಿಸಬಹುದು. ಎಂಟು ತಂತಿಗಳಲ್ಲಿ ಒಂದು ಅಕ್ಷರದ ಎಂಟು ಬಿಟ್ ಒಟ್ಟಿಗೆ ನಿಲ್ಲುತ್ತವೆ. ಒಂಬತ್ತನೆಯ ತಂತಿ ಸ್ಟ್ರೋಬ್; ಕಂಪ್ಯೂಟರ್ ಅದನ್ನು ಒಂದು ಕ್ಷಣ, ಮೈಕ್ರೊಸೆಕೆಂಡಿನ ಅರ್ಧದಷ್ಟು, ಮಿಟುಕಿಸಿದರೆ "ತಗೋ" ಅಂತ. ಪ್ರಿಂಟರ್ ಕೂಡಲೇ ಬಿಜಿ ಅನ್ನುವ ತಂತಿಯನ್ನು ಎತ್ತುತ್ತೆ: "ತಡಿ, ಕೈಯಲ್ಲಿದೆ". ಅಕ್ಷರ ಒಳಗಿಟ್ಟುಕೊಂಡ ಮೇಲೆ ಬಿಜಿ ಇಳಿಸಿ, ಆಕ್ ಅನ್ನುವ ತಂತಿಯಲ್ಲಿ ಒಂದು ಮಿಟುಕು: "ಸಿಕ್ತು, ಮುಂದಿನದು ಕೊಡು". ಕಾಗದ ಮುಗಿದರೆ ಹೇಳೋಕೆ ಇನ್ನೊಂದು ತಂತಿ. ಮನೆ ಕಟ್ಟುವಲ್ಲಿ ಬಾಂಡ್ಲಿ ಕೈಯಿಂದ ಕೈಗೆ ದಾಟಿಸುವವರು ಮಾಡೋದೂ ಇಷ್ಟೇ. ಎದುರಿನವನ ಕೈ ಖಾಲಿ ಆಗದೆ ಬಾಂಡ್ಲಿ ಬಿಡಬಾರದು.

ನನಗೆ ಇದರಲ್ಲಿ ಇಷ್ಟವಾಗುವುದು ಬಿಜಿ ತಂತಿಯ ದರ್ಜೆ. ಕಂಪ್ಯೂಟರ್ ಎಷ್ಟೇ ದೊಡ್ಡದಿರಲಿ, ಎಷ್ಟೇ ವೇಗದ್ದಿರಲಿ, ಆ ತಂತಿ ಮೇಲಿರುವ ತನಕ ಅದು ಕಾಯಲೇಬೇಕು. ನಿಧಾನದವನಿಗೆ ವೇಗದವನನ್ನು ನಿಲ್ಲಿಸುವ ಅಧಿಕಾರ. 1981ರಲ್ಲಿ ಬಂದ ಐಬಿಎಂ ಪಿಸಿ ತನ್ನ ಕಡೆ 25 ಪಿನ್ನಿನ ಕನೆಕ್ಟರ್ ಹಾಕಿಕೊಂಡರೂ ಈ ಮಾತುಕತೆಯನ್ನು ಹಾಗೇ ಇಟ್ಟುಕೊಂಡಿತು. ಪ್ರಿಂಟರ್ ಆಫ್ ಆಗಿದ್ದರೆ ಡಾಸ್‌ನ ಕಪ್ಪು ಪರದೆಯಲ್ಲಿ ಬರುತ್ತಿದ್ದ "ಅಬಾರ್ಟ್, ರಿಟ್ರೈ, ಇಗ್ನೋರ್" ನೆನಪಿರುವವರು ಈಗ ಮ್ಯಾನೇಜರುಗಳಾಗಿರುತ್ತೀರಿ. ಇಗ್ನೋರ್ ಒತ್ತಿದರೆ ಏನಾಗುತ್ತೆ ಅಂತ ಗೊತ್ತಿದ್ದವರು ಕಡಿಮೆ. ನಮ್ಮ ವೇ ಬ್ರಿಡ್ಜಿನ ಸೊನ್ನೆಗೆ ಆದದ್ದೇ ಆಗುತ್ತಿತ್ತು.

ಭಾರತಕ್ಕೆ ಈ ತಂತಿಗಳು ಮುಖ್ಯವಾಗಿ ಬಂದದ್ದು ಬ್ಯಾಂಕಿನ ಬಾಗಿಲಿನಿಂದ. 1984ರಲ್ಲಿ ರಂಗರಾಜನ್ ಸಮಿತಿ ಬ್ಯಾಂಕುಗಳ ಯಾಂತ್ರೀಕರಣದ ಬಗ್ಗೆ ವರದಿ ಕೊಟ್ಟ ಮೇಲೆ ಶಾಖೆಗಳಲ್ಲಿ ಲೆಡ್ಜರ್ ಯಂತ್ರ ಬಂದವು, ಅವುಗಳ ಜೊತೆ ಪ್ರಿಂಟರ್ ಬಂದವು. ಟಿವಿಎಸ್ ಎಲೆಕ್ಟ್ರಾನಿಕ್ಸ್ ತುಮಕೂರಿನ ಕಾರ್ಖಾನೆಯಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ತಯಾರಿಸಿತು. ಧೂಳು, ಸೆಕೆ, ಹೋಗಿ ಬರುವ ಕರೆಂಟು, ಮೂರು ಪ್ರತಿಗೆ ಕಾರ್ಬನ್, ಎಲ್ಲಕ್ಕೂ ಜಗ್ಗದ ಡಬ್ಬಿಗಳು ಅವು. ಇಂಗ್ಲಿಷ್ ಹೊಡೆಯುವ ತನಕ ಅವಕ್ಕೆ ತೊಂದರೆ ಇರಲಿಲ್ಲ.

ಕನ್ನಡ ಹೊಡೆಯೋಕೆ ಕೂತಾಗ ಕತೆ ಬೇರೆ. ಇದನ್ನು ಲೆಕ್ಕ ಹಾಕಿಯೇ ಹೇಳಬೇಕು, ಇಲ್ಲದಿದ್ದರೆ ನಂಬಲ್ಲ.

ಪ್ರಿಂಟರಿನ ಒಳಗಿನ ಚಿಪ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಆಕಾರ ಮೊದಲೇ ಕೂತಿರುತ್ತೆ. ಕಂಪ್ಯೂಟರ್ 65 ಅಂತ ಒಂದು ಬೈಟ್ ಕಳಿಸಿದರೆ ಸಾಕು, ಪ್ರಿಂಟರ್ ತಾನೇ "ಎ" ಹೊಡೆಯುತ್ತೆ. 80 ಅಕ್ಷರದ ಒಂದು ಸಾಲಿಗೆ 80 ಬೈಟ್. ಕನ್ನಡದ ಆಕಾರ ಆ ಚಿಪ್‌ನಲ್ಲಿ ಇರಲಿಲ್ಲ. ಹಾಗಾಗಿ ಕಂಪ್ಯೂಟರ್ ತಾನೇ ಸಾಲನ್ನು ಚಿತ್ರವಾಗಿ ಬರೆದು, ಒಂದೊಂದು ಚುಕ್ಕಿಯನ್ನೂ ಕಳಿಸಬೇಕಿತ್ತು. 24 ಸೂಜಿಯ ಪ್ರಿಂಟರಿನಲ್ಲಿ ಇಂಚಿಗೆ 180 ಚುಕ್ಕಿಯ ಹಾಗೆ ಎಂಟು ಇಂಚು ಅಗಲ ಅಂದರೆ 1440 ಕಂಬಗಳು. ಪ್ರತಿ ಕಂಬಕ್ಕೆ 24 ಚುಕ್ಕಿ, ಅಂದರೆ 3 ಬೈಟ್. ತಲೆ ಒಂದು ಸಲ ಎಡದಿಂದ ಬಲಕ್ಕೆ ಓಡೋಕೆ 4320 ಬೈಟ್. ಕನ್ನಡದ ಸಾಲಿಗೆ ಕೆಳಗೆ ಒತ್ತು, ಮೇಲೆ ಗುಡಿಸು. ಒಂದು ಓಟದಲ್ಲಿ ಮುಗಿಯದೆ ಎರಡು ಓಟ ಬೇಕಾದರೆ 8640. ಇಂಗ್ಲಿಷಿನ ನೂರಕ್ಕೂ ಹೆಚ್ಚು ಪಟ್ಟು. 8 ಕೆಬಿ ಬಫರ್ ಇರುವ ಪ್ರಿಂಟರ್ ಅಂದುಕೊಳ್ಳಿ. ಅದರಲ್ಲಿ ಇಂಗ್ಲಿಷಿನ ಒಂದೂವರೆ ಪುಟ ಹಿಡಿಸುತ್ತೆ. ಕನ್ನಡದ ಒಂದು ಸಾಲು ಪೂರ್ತಿ ಹಿಡಿಸಲ್ಲ.

ಅಂದರೆ ಇಂಗ್ಲಿಷ್ ಕಾಗದ ಹೊಡೆಯುವಾಗ ಆಗೊಮ್ಮೆ ಈಗೊಮ್ಮೆ ಏಳುತ್ತಿದ್ದ ಬಿಜಿ ತಂತಿ, ಕನ್ನಡ ಹೊಡೆಯುವಾಗ ಪ್ರತಿ ಸಾಲಿಗೂ ಏಳುತ್ತಿತ್ತು. ತಲೆ ಅರ್ಧ ಸಾಲಿಗೆ ನಿಂತು, ಉಳಿದ ಚುಕ್ಕಿ ಬರಲಿ ಅಂತ ಕಾದು, ಮತ್ತೆ ಹೊರಡೋದು. ಕನ್ನಡ ಪ್ರಿಂಟಿನ ಆ ಕುಂಟು ಲಯ ಡಿಟಿಪಿ ಅಂಗಡಿಗಳಲ್ಲಿ ಕೂತವರಿಗೆ ಈಗಲೂ ಕಿವಿಯಲ್ಲಿರುತ್ತೆ. ಒಂದು ಬೈಟ್ ತಪ್ಪಿದರೆ ಅಲ್ಲಿಂದ ಮುಂದೆ ಚುಕ್ಕಿಗಳೆಲ್ಲ ಜರುಗಿ ಸಾಲಿಗೆ ಸಾಲೇ ಇರುವೆ ಹರಿದ ಹಾಗೆ. ಒಂದು ರೀತಿಯಲ್ಲಿ ಇದು ಒಳ್ಳೆಯದೇ: ಕನ್ನಡ ಕೆಟ್ಟರೆ ಕೆಟ್ಟಿದೆ ಅಂತ ಕಾಣುತ್ತೆ. ಇಂಗ್ಲಿಷ್ ಅಂಕಿ ಒಂದು ಬಿದ್ದುಹೋದರೆ ಉಳಿದದ್ದು ನೆಟ್ಟಗೆ ನಿಂತು ಸುಳ್ಳು ಹೇಳುತ್ತೆ.

ಐಐಟಿ ಕಾನ್ಪುರದಲ್ಲಿ ಶುರುವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್, 1991ರ ಇಸ್ಕಿ ಮಾನಕ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಇವೆಲ್ಲದರ ಬಗ್ಗೆ ನಾವು ಮಾತಾಡುವಾಗ ಕೀಬೋರ್ಡು, ಫಾಂಟು ಅಂತಲೇ ಮಾತಾಡ್ತೀವಿ. ಟೈಪ್ ಮಾಡಿದ್ದು ತಂತಿ ದಾಟಿ ಕಾಗದಕ್ಕೆ ಬರಬೇಕಾದಾಗ ಎಷ್ಟು ಹೊತ್ತು ಹಿಡಿಯುತ್ತಿತ್ತು ಅನ್ನೋದು ಯಾರ ಭಾಷಣದಲ್ಲೂ ಬರಲ್ಲ. ಆ ಹೊತ್ತನ್ನು ಕಿಟಕಿಯ ಹೊರಗೆ ನಿಂತವರು ಕೊಟ್ಟರು.

ಕಿಟಕಿ ಅಂದೆ. ನಮ್ಮ ಸೀಮೆಯಲ್ಲಿ ಆ ಕಿಟಕಿಯ ಹೆಸರು ಭೂಮಿ.

2001ರ ಹೊತ್ತಿಗೆ ಎಸ್.ಎಂ. ಕೃಷ್ಣ ಸರ್ಕಾರದಲ್ಲಿ, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳತ್ವದಲ್ಲಿ ರಾಜ್ಯದ ಪಹಣಿಗಳೆಲ್ಲ ಕಂಪ್ಯೂಟರಿಗೆ ಬಂದವು. ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರು, 177 ತಾಲ್ಲೂಕು ಕಚೇರಿಗಳಲ್ಲಿ ಕೇಂದ್ರಗಳು. ಅಲ್ಲಿಯ ತನಕ ಪಹಣಿ ಅಂದರೆ ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹ. ಅವರು ಸಿಕ್ಕಾಗ ಸಿಕ್ಕರು, ಬರೆದಷ್ಟು ಬರೆದರು. ಆಗ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂತಾಯಿತು. ಕಿಟಕಿಯಲ್ಲಿ ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆ ಇಟ್ಟರು, ಒಳಗೆ ಏನು ಮಾಡ್ತಿದ್ದಾರೆ ಅಂತ ಅವನಿಗೂ ಕಾಣಲಿ ಅಂತ. ಸಿಬ್ಬಂದಿಯ ಲಾಗಿನ್‌ಗೆ ಬೆರಳಚ್ಚು.

ಆಗ ಕೊಟ್ಟೂರು ತಾಲ್ಲೂಕು ಆಗಿರಲಿಲ್ಲ. ಅಲ್ಲಿಯವರು ಕೂಡ್ಲಿಗಿಗೆ ಹೋಗಬೇಕಿತ್ತು. ಹಗರಿಬೊಮ್ಮನಹಳ್ಳಿ, ಹಡಗಲಿಯವರಿಗೆ ತಮ್ಮ ತಮ್ಮ ಕಿಟಕಿ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತ್ತು. 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ. ನಮ್ಮ ಹೊಲ ಇದ್ದಲ್ಲೇ ಇತ್ತು, ಪಹಣಿಯ ತಲೆಯ ಮೇಲಿನ ಜಿಲ್ಲೆಯ ಹೆಸರು ಮಾತ್ರ ತಿರುಗಾಡಿ ಬಂತು.

ಭೂಮಿಯ ಒಳಗೆ ನನಗೆ ಬಹಳ ಹಿಡಿಸಿದ ಒಂದು ವ್ಯವಸ್ಥೆ ಇದೆ. ಖಾತೆ ಬದಲಾವಣೆಗೆ, ಅಂದರೆ ಮ್ಯುಟೇಶನ್‌ಗೆ ಅರ್ಜಿ ಕೊಟ್ಟರೆ ಅದು ಸರತಿಗೆ ಸೇರುತ್ತೆ. ಮೊದಲು ಬಂದದ್ದನ್ನು ಮುಗಿಸದೆ ಆಮೇಲೆ ಬಂದದ್ದನ್ನು ಎತ್ತಿಕೊಳ್ಳೋಕೆ ಸಾಫ್ಟ್‌ವೇರೇ ಬಿಡಲ್ಲ. ಇದಕ್ಕೆ ಅವರು ಇಟ್ಟ ಹೆಸರು ಫೈಫೊ, ಫಸ್ಟ್ ಇನ್ ಫಸ್ಟ್ ಔಟ್. ಪ್ರಿಂಟರಿನ ಬಫರಿಗೂ ಇದೇ ಹೆಸರು. ಮೊದಲ ಐಬಿಎಂ ಪಿಸಿಯ ಸೀರಿಯಲ್ ಚಿಪ್ 8250ರಲ್ಲಿ ಒಂದೇ ಬೈಟ್ ಕೂರುತ್ತಿತ್ತು; ಮುಂದೆ ಬಂದ 16550ರಲ್ಲಿ 16 ಬೈಟಿನ ಫೈಫೊ ಇತ್ತು. ಸಾಲಿನಲ್ಲಿ ನಿಂತ ಬೈಟುಗಳು ಒಂದನ್ನೊಂದು ಹಿಂದೆ ಹಾಕಲ್ಲ. ತಹಶೀಲ್ದಾರರ ಪರಿಚಯದ ಬೈಟು ಅಂತ ಒಂದಿಲ್ಲ. ತಾಲ್ಲೂಕು ಕಚೇರಿಯಲ್ಲಿ ಅದನ್ನು ತರೋಕೆ ಸರ್ಕಾರಿ ಆದೇಶ ಸಾಲದೆ ಪ್ರೋಗ್ರಾಮೇ ಬರೆಯಬೇಕಾಯಿತು.

ಹಾಗಂತ ಎಲ್ಲ ಸರಿಹೋಯಿತು ಅಂತ ನಾನು ಹೇಳಲ್ಲ. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಭೂಮಿಯ ಮೇಲೆ ಒಂದು ಖಾರವಾದ ಅಧ್ಯಯನ ಬರೆದರು. ಹಳ್ಳಿಯಲ್ಲಿ ಆಗುತ್ತಿದ್ದ ತೀರ್ಮಾನ ತಾಲ್ಲೂಕಿಗೆ, ಅದಕ್ಕೂ ಮೇಲಕ್ಕೆ ಹೋಯಿತು, ದೊಡ್ಡ ಕುಳಗಳಿಗೆ ಜಮೀನು ಗುರುತಿಸಿ ಹಿಡಿಯೋದು ಸುಲಭವಾಯಿತು ಅನ್ನೋದು ಅವರ ವಾದ. ಚಾವ್ಲಾ ಪಕ್ಷದವರು ಹೇಳೋದೂ ನಿಜ, ಇವರು ಹೇಳೋದರಲ್ಲೂ ಹುರುಳಿದೆ ಅಂತ ನನ್ನ ಅಂದಾಜು. ಗ್ರಾಮಲೆಕ್ಕಿಗನಿಗೆ ಲಂಚ ಕೊಡಬೇಕಿತ್ತು, ಆದರೆ ಅವನ ಹತ್ತಿರ ಹೋಗಿ "ಸ್ವಲ್ಪ ತಡೀರಿ, ನಮ್ಮಣ್ಣ ಊರಿಂದ ಬರ್ತಾನ, ಆಮ್ಯಾಲೆ ಬರೀರಿ" ಅನ್ನಬಹುದಿತ್ತು. ಕಂಪ್ಯೂಟರಿಗೆ ಹಾಗನ್ನೋಕೆ ಬರಲ್ಲ. ರೈತನ ಕಡೆಯಿಂದ ಒಂದು ಬಿಜಿ ತಂತಿ ಕಡಿದುಹೋಯಿತು ಅಂತ ನನಗೆ ಅನ್ನಿಸೋದು ಇದಕ್ಕೆ.

ತಂತಿ ಕಡಿದುಹೋದದ್ದು ಅಲ್ಲಿ ಮಾತ್ರ ಅಲ್ಲ. ಪ್ರಿಂಟರ್ ಕಾಯಿಸೋದನ್ನ ಕಂಪ್ಯೂಟರ್ ಯಾವತ್ತೂ ಇಷ್ಟಪಡಲಿಲ್ಲ. 1959ರಲ್ಲಿ ಬಂದ ಐಬಿಎಂ 1401ಕ್ಕೆ ಜೋಡಿಯಾಗಿದ್ದ 1403 ಪ್ರಿಂಟರ್ ನಿಮಿಷಕ್ಕೆ 600 ಸಾಲು ಹೊಡೆಯುತ್ತಿತ್ತು. ಅದೂ ನಿಧಾನ ಅಂತ ಅನ್ನಿಸಿ, ದೊಡ್ಡ ಗಣಕಗಳು ತಮ್ಮ ಉತ್ತರವನ್ನು ಟೇಪಿಗೆ ಬರೆದು ಮುಂದಿನ ಕೆಲಸಕ್ಕೆ ಹೋಗುತ್ತಿದ್ದವು. 1401 ಆ ಟೇಪನ್ನು ಓದಿ ತನ್ನ ಪಾಡಿಗೆ ಅಚ್ಚು ಹಾಕುತ್ತಾ ಕೂರುತ್ತಿತ್ತು. ಅದೇ ಉಪಾಯ ಮುಂದೆ ಸ್ಪೂಲ್ ಆಯಿತು. ಇವತ್ತು ನೀವು ಪ್ರಿಂಟ್ ಒತ್ತಿದ ಕೂಡಲೇ ಪರದೆ ಆಯ್ತು ಅನ್ನುತ್ತೆ. ಏನೂ ಆಗಿರಲ್ಲ. ಡಿಸ್ಕಿನ ಮೇಲಿನ ಒಂದು ಸರತಿಗೆ ಹೋಗಿ ಕೂತಿರುತ್ತೆ, ಅಷ್ಟೇ. ಪ್ರಿಂಟರಿನ ಹತ್ತಿರ ಹೋಗಿ ಕಾದು, ವಾಪಸ್ ಬಂದು ಐದು ಸಲ ಒತ್ತಿ, ಆಮೇಲೆ ಐದೂ ಒಟ್ಟಿಗೆ ಬಂದದ್ದು ನಿಮಗೂ ಆಗಿದೆ, ನನಗೂ ಆಗಿದೆ.

ಯುಎಸ್‌ಬಿ ಬಂದ ಮೇಲೆ ಬಿಜಿ ತಂತಿ ಹೋಯಿತು, ಆದರೆ ಆ ಮಾತು ಉಳಿಯಿತು. ಪ್ರಿಂಟರಿನಲ್ಲಿ ಜಾಗವಿಲ್ಲದಿದ್ದರೆ ಅದು ಕಂಪ್ಯೂಟರಿಗೆ ನ್ಯಾಕ್ ಅನ್ನುವ ಒಂದು ಚಿಕ್ಕ ಉತ್ತರ ಕೊಡುತ್ತೆ. ಕಂಪ್ಯೂಟರ್ ಆಮೇಲೆ ಮತ್ತೆ ಕೇಳುತ್ತೆ. ನೆಟ್‌ವರ್ಕ್ ಪ್ರಿಂಟರಿನಲ್ಲಿ ಟಿಸಿಪಿ ಆ ಕೆಲಸ ಮಾಡುತ್ತೆ: ನನ್ನಲ್ಲಿ ಇಷ್ಟು ಬೈಟಿಗೆ ಜಾಗ ಇದೆ ಅಂತ ಪಡೆಯುವವನು ಪ್ರತಿ ಸಲ ಹೇಳುತ್ತಿರುತ್ತಾನೆ, ಸೊನ್ನೆ ಅಂದರೆ ಕಳಿಸುವವನು ನಿಲ್ಲಬೇಕು. ಸೆಂಟ್ರಾನಿಕ್ಸಿನ ಧರ್ಮ ಹಾಗೇ ಇದೆ, ವೇಷ ಬೇರೆ.

ಇದೆಲ್ಲ ಒಳಗಿನ ಮಾತು. ಹೊರಗೆ ನೋಡಿದರೆ ನಮಗೆ ತಡೆ ಅನ್ನೋದೇ ಅವಮಾನದ ಪದ ಆಗಿಬಿಟ್ಟಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆ ಹಿನ್ನೀರಿನ ದಂಡೆಯಲ್ಲಿರುವವರು ಆ ವಾರ ಮಾತಾಡಿದ್ದು ಒಂದೇ ವಿಷಯ. ಇದ್ದ ನೀರು ಹೋಗುತ್ತಿತ್ತು, ಸಾಕು ಅನ್ನೋಕೆ ಕೈಗೆ ಏನೂ ಸಿಗುತ್ತಿರಲಿಲ್ಲ. ಕನ್ನಯ್ಯ ನಾಯ್ಡು ಮತ್ತು ಅವರ ತಂಡ ಹರಿಯುವ ನೀರಿನಲ್ಲೇ ತುಂಡು ತುಂಡಾಗಿ ತಾತ್ಕಾಲಿಕ ಗೇಟು ಇಳಿಸಿ ನಿಲ್ಲಿಸುವ ತನಕ ಒಂದು ವಾರ ಎಲ್ಲರೂ ಉಸಿರು ಹಿಡಿದಿದ್ದರು. ಪಕ್ಕದ ಮೂವತ್ತೆರಡು ಗೇಟುಗಳು ಎಪ್ಪತ್ತು ವರ್ಷ ತಡೆದು ನಿಂತದ್ದರ ಬಗ್ಗೆ ಆ ವಾರದ ತನಕ ನಾನಂತೂ ಒಂದು ಸಲವೂ ಯೋಚಿಸಿರಲಿಲ್ಲ.

ವೇ ಬ್ರಿಡ್ಜಿಗೆ ವಾಪಸ್ ಬರೋಣ. ಸರಿಯಾದ ರಿಪೇರಿ ಅಂದರೆ ಕೇಬಲ್ಲಿಗೆ ನಾಲ್ಕನೇ ತಂತಿ ಹಾಕಿ, ಪ್ರಿಂಟರಿನ ರೆಡಿ ಸಂಕೇತವನ್ನು ತೂಕದ ಯಂತ್ರಕ್ಕೆ ಮುಟ್ಟಿಸೋದು. ಅದಕ್ಕೆ ಬೆಸುಗೆ ಬೇಕು, ಮೆಕ್ಯಾನಿಕ್ ಬೇಕು, ಮಾಲೀಕರ ಒಪ್ಪಿಗೆ ಬೇಕು. ನನ್ನ ಕೈಲಿದ್ದದ್ದು ತೂಕದ ಯಂತ್ರದ ಮೆನು ಮಾತ್ರ. ಅದರಲ್ಲಿ 2400 ಇದ್ದದ್ದನ್ನು 1200 ಮಾಡಿದೆ. ಪ್ರಿಂಟರಿನಲ್ಲೂ ಸ್ವಿಚ್ ತಿರುಗಿಸಿ 1200 ಮಾಡಿದೆ. ಈಗ ಸೆಕೆಂಡಿಗೆ 120 ಅಕ್ಷರ ಮಾತ್ರ ಬರುತ್ತೆ, ಪ್ರಿಂಟರ್ 200 ಹೊಡೆಯಬಲ್ಲದು, ಬಫರ್ ತುಂಬೋ ಪ್ರಶ್ನೆಯೇ ಇಲ್ಲ. ಇದು ಫ್ಲೋ ಕಂಟ್ರೋಲ್ ಅಲ್ಲ, ಮೇಲಿನಿಂದ ತೂಬು ಅರ್ಧ ಮುಚ್ಚಿದ್ದು. ಕೆಳಗಿನವನ ಕೂಗು ಇನ್ನೂ ಕೇಳಿಸಲ್ಲ, ಆದರೆ ಅವನು ಕೂಗಬೇಕಾದ ಸಂದರ್ಭ ಬರಲ್ಲ. ಪ್ರಿಂಟರಿನ ತಲೆಯೇ ಕೆಟ್ಟು ನಿಧಾನವಾದರೆ ಮತ್ತೆ ಅದೇ ಕತೆ.

ಹುಡುಗ ಅದೇ ತೂಕದ ಚೀಟಿಗಳನ್ನು ಮತ್ತೆ ಹೊಡೆದ. ಮೂರು ಚೀಟಿ ಬರೋಕೆ ಮೊದಲಿಗಿಂತ ಐದಾರು ಸೆಕೆಂಡ್ ಹೆಚ್ಚು ಹಿಡಿಯಿತು. ಮೂರನೆಯದರಲ್ಲಿ 5480 ಪೂರ್ತಿ ಬಂತು.

"ಸಾರ್, ಸ್ಲೋ ಆತಲ್ರಿ" ಅಂದ. "ಸೀಜನ್‌ನಾಗ ಗಾಡಿ ಸಾಲು ನಿಂತಿರ್ತಾವ್ರಿ. ಮಾಲೀಕರು ಬೈತಾರ."

ನಾನು ಏನು ಹೇಳಬೇಕು ಅಂತ ತೋಚದೆ ನಿಂತೆ. ಮೊದಲ ಎರಡು ಪ್ರತಿಯವರಿಗೆ ಹಳೆಯ ವೇಗವೇ ಚೆನ್ನಾಗಿತ್ತು. ನಿಧಾನದಿಂದ ಲಾಭ ಇರೋದು ಮೂರನೆಯವನಿಗೆ ಮಾತ್ರ. ದೊಡ್ಡಪ್ಪ ಅಷ್ಟರಲ್ಲಿ ಹೊಸ ಚೀಟಿ ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡು, ಟ್ರ್ಯಾಕ್ಟರ್ ಹತ್ತಿ, ಹುಡುಗನ ಕಡೆ ತಿರುಗಿ ಅಂದ:

"ಬೈದ್ರ ಬೈಸ್ಕೋ. ಸೊನ್ನಿ ಬಿಡಬ್ಯಾಡ."

ಯುಗಾದಿಗೆ ಊರಿಗೆ ಹೋದಾಗ ಆ ದಾರಿಯಲ್ಲೇ ಬಂದೆ. ಗಾಡಿ ನಿಲ್ಲಿಸಿ ಒಳಗೆ ಇಣುಕಿದೆ. ಹುಡುಗ ಬೇರೆಯವನು. ತೂಕದ ಯಂತ್ರದ ಮೆನುವಿನಲ್ಲಿ ಮತ್ತೆ 2400 ಇತ್ತು. ಪ್ರಿಂಟರಿನ ಮೇಲೆ ಮಾತ್ರ ಯಾರೋ ಒಂದು ಚೀಟಿ ಅಂಟಿಸಿದ್ದರು, ಬಾಲ್ ಪೆನ್ನಿನ ಗುಂಡು ಅಕ್ಷರ: "ರೈತರ ಚೀಟಿ ಮೊದಲು ಕೊಡುವುದು."